ವಿಮಾನದ ರೆಕ್ಕೆ, ಸೀರೆಯ ಸೆರಗು

“ನಿಜ ಹೇಳಿ ಮೇಷ್ಟ್ರೇ, ಯಾರ ಮಗ್ಗದಿಂದ ಕದ್ರಿ ಈ ಡಿಸೈನು?”

ಎಪ್ಪತ್ತರ ದಶಕ. ದೊಡ್ಡಬಳ್ಳಾಪುರದ ನಮ್ಮ ಮನೆ ಬಾಗಿಲಲ್ಲಿ ನಿಂತು ಕೇಳಿದವರು ಪಕ್ಕದ ಮನೆಯ ನೇಕಾರ ರಂಗಪ್ಪನವರು. ಬಿದಿರುಕಡ್ಡಿ, ತೆಳುಕಾಗದದಲ್ಲಿ ಕಟ್ಟಿದ್ದ ಜೋಡಿ ರೆಕ್ಕೆಯ ಪುಟ್ಟ ವಿಮಾನದ ಮೇಲೆ ನಾನು ನೇರಳೆ, ಹಸಿರು, ಕಾವಿ ಬಣ್ಣದ ಆರು ಮೂಲೆಯ ತುಂಡುಗಳನ್ನು ಬರೆಯುತ್ತಿದ್ದೆ. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಕಣ್ಣು ತಪ್ಪಿಸಲು ಹೀಗೆ ಬಳಿಯುತ್ತಿದ್ದರು ಎಂದೆ.

“ಕಣ್ಣು ತಪ್ಪಿಸೋರು ಇಷ್ಟೊಂದು ಬಣ್ಣ ಬಳೀತಾರಾ?” ಎಂದವರು ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿ ಹೋದರು. ಅಂದಿನಿಂದ ನಮ್ಮ ಕಡೆಗಿದ್ದ ಅವರ ಮಗ್ಗದ ಮನೆಯ ಕಿಟಕಿ ಮುಚ್ಚಿತು. ನನ್ನನ್ನು ಕಳ್ಳನೆಂದೇ ತೀರ್ಮಾನಿಸಿದರಲ್ಲ ಎಂದು ಮೈ ಉರಿಯಿತು.

ದೀಪಾವಳಿಗೆ ಅವರ ಹೆಂಡತಿ ಉಟ್ಟು ಬಂದ ಹೊಸ ಸೀರೆಯ ಸೆರಗಿನಲ್ಲಿ ಅವೇ ತುಂಡುಗಳಿದ್ದವು, ನಾನು ಕೈತಪ್ಪಿ ಐದೇ ಮೂಲೆ ಬರೆದಿದ್ದ ಒಂದರ ಸಮೇತ. ಕಿಟಕಿ ಮುಚ್ಚಿದ್ದೇಕೆಂದು ಆಗ ತಿಳಿಯಿತು.