ಡೈರಿ ಸಾಲಿನ ಖಾಲಿ ಜಾಗ

ನಾನು ಬರೆದ ಮೊದಲ ದೆವ್ವದ ಕಥೆಗೆ ಹೆದರಿದವನು ಒಬ್ಬನೇ, ಅದೂ ನಾನೇ.

ರಸ್ತೆಗೆಂದು ನಮ್ಮ ಊರನ್ನೇ ಎಬ್ಬಿಸಿ, ಚನ್ನಪಟ್ಟಣದ ಹೊರಗೆ ಬಡಾವಣೆ ಮಾಡಿ ಮನೆ ಕೊಟ್ಟಿದ್ದರು. ಲಾಟರಿ ಎತ್ತಿ ಹಂಚಿದ್ದರಿಂದ ಅಕ್ಕಪಕ್ಕದವರೆಲ್ಲ ದಿಕ್ಕಾಪಾಲು. ಪ್ಲಾನಿನಲ್ಲಿ ಕೊಟ್ಟಿಗೆಯೇ ಇರಲಿಲ್ಲ, ಕಾರು ನಿಲ್ಲಿಸುವ ಜಾಗದಲ್ಲಿ ಹಸು ಕಟ್ಟಿಕೊಂಡೆವು. ಮನೆಗಳೆಲ್ಲ ಒಂದೇ ಥರ. ಮೊದಲ ತಿಂಗಳು ನಮ್ಮಪ್ಪ ಎರಡು ಸಲ ಬೇರೆಯವರ ಮನೆಗೆ ನುಗ್ಗಿ ಕಾಫಿ ಕೇಳಿದ್ದರು, ಒಂದು ಕಡೆ ಕೊಟ್ಟೂ ಇದ್ದರು! ಆ ಖುಷಿಯಲ್ಲೇ ಕಥೆ ಹುಟ್ಟಿತು: ಹಳೆ ಊರಿನ ದೆವ್ವಗಳು ತಮ್ಮವರನ್ನು ಹುಡುಕಿಕೊಂಡು ಬರುತ್ತವೆ, ಮನೆ ಗುರುತು ಸಿಗದೆ ಸಿಕ್ಕ ಸಿಕ್ಕ ಬಾಗಿಲು ಬಡಿಯುತ್ತವೆ, ತೆರೆದವರ ಕತ್ತು ಹಿಸುಕುತ್ತವೆ.

ಸಂಜೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಿಗೆ ಓದಿ ಹೇಳಿದೆ. ಹೆದರುವುದಿರಲಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕತ್ ಯಾಕ್ಲಾ ಹಿಸುಕ್ತವೆ, ನಮ್ಮೂರೋವೇ ಅಲ್ವಾ?"

"ಮನೆ ನಂಬರ್ ಬರ್ಕೊಂಡ್ ಬರಾಕೇನ್ ರೋಗ ಅವ್ಕೆ?"

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಹೊಸದಾಗಿ ಬಂದಿದ್ದ ಡೈರಿ ಸೆಕ್ರೆಟರಿ ಒಳಗಿನಿಂದ ಕೂಗಿದರು: "ರೀ, ದಿನಾ ನೋಡ್ತಾ ಇದ್ದೀನಿ, ಮಧ್ಯದಲ್ಲಿ ಯಾರಿಗ್ ಜಾಗ ಬಿಟ್ಟಿದ್ದೀರಿ?"

ತಿರುಗಿ ನೋಡಿದೆವು. ನಮ್ಮವ್ವನಿಗೂ ಅವಳ ಹಿಂದಿನವರಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಯಾರೂ ಬೇಕೆಂದು ಬಿಟ್ಟದ್ದಲ್ಲ. ಮನೆ ಎಲ್ಲೇ ಬಿದ್ದಿರಲಿ, ಡೈರಿಯಲ್ಲಿ ನಾವು ನಿಲ್ಲುತ್ತಿದ್ದದ್ದು ಹಳೆ ಬೀದಿಯ ಕ್ರಮದಲ್ಲೇ. ಅಲ್ಲಿ ನಮ್ಮ ಪಕ್ಕದ ಮನೆ ದೊಡ್ಡವ್ವನದು. ಆ ಮನೆಯ ಖಾತೆ ಅವಳ ಸತ್ತ ಅತ್ತೆಯ ಹೆಸರಲ್ಲೇ ಉಳಿದಿತ್ತೆಂದು ಅವಳಿಗೊಬ್ಬಳಿಗೆ ಮನೆ ಸಿಕ್ಕಿರಲಿಲ್ಲ. ಹಸು ಮಾರಿ ಕನಕಪುರದ ಮಗಳ ಮನೆ ಸೇರಿದ್ದಳು. ಹೋಗುವಾಗ, "ನಂಗಿನ್ನೆಲ್ಲೈತೆ ಜಾಗ?" ಅಂದಿದ್ದಳು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ನಾವ್ಯಾರೂ ಉತ್ತರ ಕೊಟ್ಟಿರಲಿಲ್ಲ.

ನನ್ನ ಮೈ ಜುಮ್ಮೆಂದಿತು. ಬದುಕಿರುವವಳನ್ನೇ ದೆವ್ವ ಮಾಡಿ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದೆವು! ನಾಚಿಕೆಯೂ ಆಯಿತು. ಸೆಕ್ರೆಟರಿ ಎಷ್ಟು ಕೂಗಿದರೂ ಆ ಜಾಗಕ್ಕೆ ಯಾರೂ ಕಾಲಿಡಲಿಲ್ಲ. ಅವ್ವ ಕ್ಯಾನು ಕೆಳಗಿಟ್ಟು, "ನಮ್ಮನೆ ಹಿಂದ್ಗಡೆ ಒಂದ್ ರೂಮ್ ಕಟ್ಬುಡಾನ. ನಾಳೀಕೆ ಹೋಗಿ ಕರ್ಕಂಬಾ" ಅಂದಳು.

ಮಾರನೆಯ ದಿನ ಕನಕಪುರಕ್ಕೆ ಹೋದೆ. ವಿಷಯ ಹೇಳಿದರೆ ದೊಡ್ಡವ್ವ ಅಳುತ್ತಾಳೆಂದುಕೊಂಡಿದ್ದೆ. ಅವಳು ಸೀರೆಗಳನ್ನು ಮಡಚುವ ಮೊದಲೇ ಅಟ್ಟದಿಂದ ಹಾಲಿನ ಕ್ಯಾನು ಇಳಿಸಿದಳು. ವಾಪಸು ಬರುವಾಗ ನನ್ನ ಕಥೆ ಹೇಳಿಸಿಕೊಂಡು, ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕಳು.

ಸಂಜೆ ಅವಳ ಕ್ಯಾನಿನಲ್ಲಿ ತೊಟ್ಟು ಹಾಲಿರಲಿಲ್ಲ. ಆದರೂ ನೆಟ್ಟಗೆ ಬಂದು, ಯಾರನ್ನೂ ಕೇಳದೆ, ಅವ್ವನ ಹಿಂದೆ ನಿಂತಳು. ಸಾಲಿನಲ್ಲಿ ಯಾರೂ ಒಂದು ಹೆಜ್ಜೆಯೂ ಸರಿಯಬೇಕಾಗಲಿಲ್ಲ.

"ನಿನ್ ದೆವ್ವಗೋಳು ಕಂಡೋರ್ ಬಾಗ್ಲು ಯಾಕ್ಲಾ ಬಡೀಬೇಕಿತ್ತು?" ಅಂದಳು. "ಸೀದಾ ಡೈರಿಗ್ ಬಂದಿದ್ರೆ ಆಗ್ತಿತ್ತು."