ಮಾಲಗದ ದೊಡ್ಡ ಹೋಟೆಲಿನಲ್ಲಿ ಅರಿಶಿನದ ಬೊಟ್ಟು

ಈ ಊರಿನ ಹೆಂಗಸರು ಬೀದಿಗೆ ಮುಖ ಮಾಡಿಕೊಂಡು ಕೂತು ಉಣ್ಣುತ್ತಾರೆ. ಆಳೆತ್ತರದ ಗಾಜು, ಒಳಗೆ ಇವರ ಊಟ, ಹೊರಗೆ ದಾರಿಹೋಕರು. ಗಾಡಿಯವನು ಕುದುರೆ ನಿಲ್ಲಿಸಿ ನೋಡಿದರೂ ಇವರ ಕೈ ತಡೆಯುವುದಿಲ್ಲ. ಮೊದಲ ದಿನ ನನ್ನನ್ನೂ ಅಂಥದೊಂದು ಗಾಜಿನ ಪಕ್ಕ ಕೂರಿಸಿದಾಗ, ಬಾಯಿಗಿಟ್ಟ ರೊಟ್ಟಿಯ ಚೂರನ್ನು ಅಗಿಯಲೂ ಆಗದೆ ಉಗುಳಲೂ ಆಗದೆ ಕೆನ್ನೆಯಲ್ಲೇ ಇಟ್ಟುಕೊಂಡು ಕೂತಿದ್ದೆ. ನಮ್ಮವ್ವ ಚಳ್ಳಕೆರೆ ಸಂತೆಯಲ್ಲಿ ಒಂದು ಹಿಡಿ ಮಂಡಕ್ಕಿ ತಿನ್ನಬೇಕಾದರೂ ಗೋಡೆಗೆ ಮುಖ ಮಾಡಿ ಸೆರಗು ಅಡ್ಡ ಹಿಡಿಯುತ್ತಿದ್ದಳು. ಅವಳ ಮಗಳು ನಾನು.

ತಳಕಿನಲ್ಲಿ ಹುಟ್ಟಿದವಳು. ಅಪ್ಪ ಶಾಲೆಯ ಮೇಷ್ಟ್ರಾಗಿದ್ದರಿಂದ ನಾಲ್ಕಕ್ಷರ ಬಂತು. ಕೊಟ್ಟದ್ದು ಮೊಳಕಾಲ್ಮೂರಿನ ನೇಕಾರರ ಮನೆಗೆ. ಅಲ್ಲಿ ಮನೆಮಾತು ತೆಲುಗು, ಬೀದಿಮಾತು ಕನ್ನಡ. ಅಣ್ಣತಮ್ಮಂದಿರು ಪಾಲಾದಾಗ ಮಗ್ಗ ಹಿರಿಯರಿಗೆ ಹೋಯಿತು, ನಮ್ಮ ಮನೆಯವರು ಬರಿಗೈಯಲ್ಲಿ ಉಳಿದರು. ಆಗ ಬೊಂಬಾಯಿಯ ಸಿಂಧಿ ಸೇಠ್ ಒಬ್ಬರು, ಸ್ಪೇನ್ ದೇಶದ ಮಾಲಗ ಎಂಬ ಬಂದರಿನಲ್ಲಿ ತಾವೇ ಕೂತು ನಡೆಸುವ ರೇಷ್ಮೆ ಅಂಗಡಿಗೆ ಬಟ್ಟೆಯ ಗುಣ ಬಲ್ಲವನು ಬೇಕು ಎಂದರು. ಸಮುದ್ರ ದಾಟುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಗಂಟು ಕಟ್ಟು ಅಂದರು, ಕಟ್ಟಿದೆ.

ಮನೆ ಅಂದರೆ ಎರಡು ಕೋಣೆ, ಮೂರನೇ ಅಂತಸ್ತಿನಲ್ಲಿ. ನಮ್ಮೂರಲ್ಲಿ ಬಾಗಿಲಿಗೆ ಬಂದವರು ನೆಲದ ಮೇಲೆ ಬರುತ್ತಾರೆ. ಇಲ್ಲಿ ಯಾರು ಬಂದರೂ ಏದುಸಿರು ಬಿಟ್ಟುಕೊಂಡು ಬರಬೇಕು, ಅದಕ್ಕೇ ಯಾರೂ ಬರುವುದಿಲ್ಲ. ಹೊಸ್ತಿಲ ಆಚೆ ರಂಗೋಲಿ ಹಾಕಿದರೆ ಕೆಳಗಿನ ಮುದುಕಿ ನೀರು ಸುರಿದು ಒರೆಸಿಬಿಡುತ್ತಾಳೆ, ಪಾಪ, ಯಾರೋ ಹಿಟ್ಟು ಚೆಲ್ಲಿದ್ದಾರೆ ಅಂದುಕೊಂಡು. ಮಾತನಾಡಲು ಜನವಿಲ್ಲದೆ ಒಲೆಯ ಜೊತೆ ಮಾತನಾಡಿದ್ದೂ ಉಂಟು. ಒಂದು ದಿನ ಮಾರುಕಟ್ಟೆಯಲ್ಲಿ ಬದನೆಕಾಯಿ ಕಂಡೆ. ಇವರು ಅದಕ್ಕೆ ಬೆರೆನ್ಹೇನಾ ಅನ್ನುತ್ತಾರೆ. ಆ ಹೆಸರು ಹಿಡಿದು, ಬೆರಳು ಮಡಚಿ, ತಲೆ ಅಲ್ಲಾಡಿಸಿ, ಚೌಕಾಶಿ ಮಾಡಿ ತಂದು ಎಣ್ಣೆಗಾಯಿ ಮಾಡಿದೆ. ಅವತ್ತು ರಾಜ್ಯ ಗೆದ್ದ ಹಾಗಿತ್ತು.

ಮಾಲಗದಲ್ಲಿ ಯಾವ ಹೋಟೆಲು ಚೆನ್ನ, ಅಲ್ಲಿ ಏನೇನು ಸಿಗುತ್ತದೆ ಅಂತ ತಳಕಿನ ಅತ್ತಿಗೆ ಕೇಳಿ ಕಳಿಸಿದ್ದಾಳೆ. ಕೇಳುವುದಕ್ಕೇನು, ದೊಡ್ಡವರು ಹೋಗುವ ಹೋಟೆಲುಗಳನ್ನೆಲ್ಲ ನಾನು ಬಲ್ಲೆ. ಬಂದರಿನ ಎದುರಿಗೊಂದಿದೆ, ಗೋಡೆ ತುಂಬ ಕನ್ನಡಿ; ಎತ್ತ ತಿರುಗಿದರೂ ನಿಮ್ಮ ಮುಖವೇ ಕಂಡು ಹಸಿವು ಸಾಯುತ್ತದೆ. ತೋಟದ ಬೀದಿಯಲ್ಲಿ ಇನ್ನೊಂದು, ಹಗಲಲ್ಲೂ ವಿದ್ಯುದ್ದೀಪ ಉರಿಸುತ್ತಾರೆ, ದುಡ್ಡಿನ ಸೊಕ್ಕು. ಬಡಿಸುವವರಿಗೆ ಕಾಮರೇರೋ ಎಂದು ಹೆಸರು. ಮದುವಣಿಗನಿಗಿಂತ ಒಪ್ಪವಾಗಿ ಉಟ್ಟಿರುತ್ತಾರೆ, ಆದರೆ ಇನ್ನಷ್ಟು ಹಾಕಿಸಿಕೊಳ್ಳಿ ಅಂತ ಒಂದು ಮಾತು ಬಲವಂತ ಮಾಡುವುದಿಲ್ಲ. ಇಷ್ಟೆಲ್ಲ ಕಂಡ ನಾನು ಒಂದು ಕಡೆಯೂ ಹೊಟ್ಟೆ ತುಂಬ ಉಂಡಿರಲಿಲ್ಲ. ನಾನು ಹೋಗುತ್ತಿದ್ದುದು ಉಣ್ಣಲಿಕ್ಕಲ್ಲ.

ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಇಲ್ಲಿನ ಸಾಹುಕಾರರ ಹೆಂಡಿರು ಹೆಗಲ ಮೇಲೆ ಮಾಂತೋನ್ ಎಂಬ ದೊಡ್ಡ ರೇಷ್ಮೆ ವಸ್ತ್ರ ಹೊದೆಯುತ್ತಾರೆ. ಅದರ ಬದಲು ನಮ್ಮ ಸೀರೆಯನ್ನು ಮಾರಬಹುದೆಂದು ಸೇಠರ ಲೆಕ್ಕಾಚಾರ. ಮಡಿಸಿಟ್ಟ ಸೀರೆ ನೋಡಿ ಯಾರೂ ಕೊಳ್ಳುವುದಿಲ್ಲ, ಮೈಮೇಲೆ ನೋಡಬೇಕು. ಹಾಗಾಗಿ ಭಾನುವಾರ ಮಧ್ಯಾಹ್ನ ಅಂಗಡಿಯ ಹೊಸ ಸೀರೆಯೊಂದನ್ನು ನನಗೆ ಉಡಿಸಿ, ದೊಡ್ಡ ಹೋಟೆಲಿನ ಗಾಜಿನ ಪಕ್ಕ ಕೂರಿಸುವುದು. ಎದುರಿಗೆ ಕೋಟು ಹಾಕಿದ ನಮ್ಮ ಮನೆಯವರು. ಊಟದ ಖರ್ಚು ಅಂಗಡಿಯದು. ಹೆಂಗಸರು ಎದ್ದು ಬಂದು ಸೆರಗು ಹಿಡಿದು ಉಜ್ಜಿ ನೋಡುತ್ತಾರೆ, ಸಂತೆಯಲ್ಲಿ ಎತ್ತಿನ ಗಂಗೆದೊಗಲು ಹಿಡಿದು ನೋಡಿದ ಹಾಗೆ. ಸಂಜೆ ಸೀರೆ ಬಿಚ್ಚಿ ಅಂಗಡಿಗೆ ಕೊಟ್ಟುಬಿಡಬೇಕು.

ಆದರೂ ಹೊಸ ಸೀರೆ ಹೊಸ ಸೀರೆಯೇ ತಾನೆ. ಉಡುವ ಮುಂಚೆ ಅದರ ಮೂಲೆಗೆ ಒಂದಿಷ್ಟು ಅರಿಶಿನ ಹಚ್ಚದೆ ನಮ್ಮಲ್ಲಿ ಯಾರು ಉಡುತ್ತಾರೆ? ಊರಿನಿಂದ ತಂದ ಅರಿಶಿನ ಭರಣಿಯಲ್ಲಿತ್ತು. ಪ್ರತಿ ಸಲವೂ ಸೆರಗಿನ ತುದಿಗೆ ಸಾಸಿವೆಯಷ್ಟು ಹಚ್ಚಿಯೇ ಉಡುತ್ತಿದ್ದೆ. ಗಾಢ ಬಣ್ಣದ ಸೀರೆಗಳಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆ ಭಾನುವಾರ ಸೇಠರು ಕೊಟ್ಟದ್ದು ಹಾಲುಬಣ್ಣದ ಸೀರೆ. ಕನ್ನಡಿಯ ಹೋಟೆಲು. ವಕೀಲರೊಬ್ಬರ ಹೆಂಡತಿ, ದಪ್ಪನೆಯ ಗೌರವಸ್ಥೆ, ಹತ್ತಿರ ಬಂದು ಸೆರಗು ಎತ್ತಿ ಹಿಡಿದಳು. ಹಳದಿ ಬೊಟ್ಟು ಕಂಡಿತು. ಸೂಸಿಯೋ ಎಂದಳು; ಕೊಳಕು ಅಂತ. ಒಳ್ಳೆಯ ಮನಸ್ಸಿನವಳು, ನನ್ನ ಮರ್ಯಾದೆ ಉಳಿಸಲೆಂದೇ ಕಾಮರೇರೋನನ್ನು ಕರೆದು ಬಿಸಿನೀರು, ಸಾಬೂನು ತರಿಸಿದಳು. ಬೇಡ ಬೇಡ ಎಂದು ಕನ್ನಡದಲ್ಲಿ ಅಂದೆ. ಅಷ್ಟರಲ್ಲಿ ಉಜ್ಜಿಯಾಗಿತ್ತು.

ಅರಿಶಿನಕ್ಕೆ ಸಾಬೂನು ತಾಗಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಬೊಟ್ಟು ರಕ್ತದ ಹಾಗೆ ಕೆಂಪಾಗಿ ಹರಡಿತು. ಆಕೆ ಕೈ ಹಿಂದಕ್ಕೆಳೆದುಕೊಂಡು ತನ್ನ ಬೆರಳನ್ನೂ ನನ್ನನ್ನೂ ನೋಡಿದಳು. ಪಕ್ಕದ ಮೇಜಿನವರು ಕುರ್ಚಿ ಸರಿಸಿದರು. ಹುಣ್ಣು ಅಂದುಕೊಂಡರೋ ಮುಟ್ಟು ಅಂದುಕೊಂಡರೋ, ದೇವರೇ ಬಲ್ಲ. ಇದು ಮಂಗಳದ್ದು ಎಂದು ಹೇಳಲು ನನಗೆ ಇವರ ಭಾಷೆಯಲ್ಲಿ ಬರುತ್ತಿದ್ದುದು ಬದನೆಕಾಯಿ ಒಂದೇ. ಸುತ್ತ ಕನ್ನಡಿ ಬೇರೆ. ಕೆಂಪು ಸೆರಗು ಹಿಡಿದು ತಲೆ ತಗ್ಗಿಸಿದ ಹೆಂಗಸರು ಎಷ್ಟೊಂದು ಮಂದಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೇಠರು ಕೂಗಾಡಲಿಲ್ಲ. ಇನ್ನೊಮ್ಮೆ ಹೀಗಾದರೆ ಮುಂದಿನ ಹಡಗಿಗೆ ಇಬ್ಬರನ್ನೂ ಹತ್ತಿಸುತ್ತೇನೆ ಎಂದಷ್ಟೇ ಹೇಳಿ ಕಳಿಸಿದರು. ಹತ್ತಿ ಹೋಗುವುದೆಲ್ಲಿಗೆ? ಮಗ್ಗವಿಲ್ಲದ ಮನೆಗೆ.

ಮನೆಯವರು ಬಹಳ ಹೊತ್ತು ಬೂಟಿನ ದಾರ ಬಿಚ್ಚುತ್ತಾ ಕೂತಿದ್ದರು. ಪೋನೀಲೇ ಎಂದರು, ಹೋಗಲಿ ಬಿಡು ಅಂತ. ಆಮೇಲೆ, “ಇನ್ಮೇಲೆ ಹಚ್ಚಬ್ಯಾಡ,” ಎಂದರು.

“ಅರಿಶಿನ ಹಚ್ಚದೆ ಇರೋ ಹೊಸ ಬಟ್ಟೆ ಯಾರಿಗೆ ಹೊದಿಸ್ತಾರೆ, ಗೊತ್ತಿಲ್ವೇನ್ರಿ?”

“ಗೊತ್ತೈತೆ. ನಾನೇ ನೇಯ್ದು ಕೊಟ್ಟೀನಿ, ನಮ್ಮಪ್ಪನಿಗೆ.” ಅವರ ದನಿ ಸಣ್ಣದಾಯಿತು. “ಇದು ನಿಂದಲ್ಲ, ಅಂಗಡೀದು. ಉಟ್ಟೀನಿ ಅನ್ಕಬ್ಯಾಡ. ಹೊತ್ಕೊಂಡು ಹೋಗ್ತೀನಿ ಅನ್ಕೋ.”

ಗಂಡಸಿಗೆ ಹೇಳುವುದು ಸುಲಭ. ಆದರೆ ಅವರ ಕಣ್ಣು ನೋಡಿದ ಮೇಲೆ ಜಗಳ ಬಿಟ್ಟು ಎದ್ದು ಒಲೆ ಹೊತ್ತಿಸಿದೆ.

ಮುಂದಿನ ಭಾನುವಾರ ಗಿಳಿಹಸಿರು ಸೀರೆ. ಭರಣಿಯ ಮುಚ್ಚಳ ತೆಗೆದೆ, ಮತ್ತೆ ಮುಚ್ಚಿದೆ. ಹಚ್ಚದೆ ಉಟ್ಟೆ. ಹೆಣದ ಬಟ್ಟೆ ಸುತ್ತಿಕೊಂಡ ಹಾಗಿತ್ತು. ಅದೇ ಹೋಟೆಲು, ಅದೇ ಗಾಜು, ಅದೇ ವಕೀಲರ ಹೆಂಡತಿ. ಈ ಸಲ ಕೈಚೀಲದಿಂದ ಕನ್ನಡಕ ತೆಗೆದು, ಸೆರಗಿನ ಒಂದು ಬೆರಳಗಲವನ್ನೂ ಬಿಡದೆ ತಿರುವಿ ತಿರುವಿ ನೋಡಿದಳು. ನಾನು ತಟ್ಟೆ ನೋಡುತ್ತಾ ಕೂತಿದ್ದೆ. ತಟ್ಟೆಯಲ್ಲಿ ಬಾದಾಮಿ ಬೆಳ್ಳುಳ್ಳಿ ಅರೆದು ಮಾಡಿದ ತಣ್ಣನೆಯ ಬಿಳಿ ಸಾರು, ಮೇಲೆ ದ್ರಾಕ್ಷಿ ಹಣ್ಣು. ಮಾನ ಹೋದ ಮೇಲೆ ಇನ್ನು ಮರೆ ಯಾತಕ್ಕೆ ಎಂದು ಚಮಚ ಎತ್ತಿದೆ. ಬೇಸಿಗೆಯಲ್ಲಿ ಅವ್ವ ಕೊಡುತ್ತಿದ್ದ ಅಂಬಲಿಯಂತೆ ಹೊಟ್ಟೆಗೆ ತಂಪಾಗಿ ಇಳಿಯಿತು. ಬೀದಿಯಲ್ಲಿ ಯಾರೋ ನಿಂತು ನೋಡುತ್ತಿದ್ದರು. ತಟ್ಟೆ ಬರಿದಾಗುವವರೆಗೂ ತಿಂದೆ, ರೊಟ್ಟಿಯಿಂದ ಬಳಿದೂ ತಿಂದೆ. ಅತ್ತ ಸೀರೆ ಮಾರಾಟವಾಯಿತು.

ವಾಪಸು ಬರುವಾಗ ಮನೆಯವರು ಹಗುರಾಗಿದ್ದರು. ಕೆಲಸ ಉಳಿಯಿತಲ್ಲ. ಊಟ ಹೆಂಗಿತ್ತು ಎಂದು ಕೇಳಿದರು.

“ಚೆನ್ನಾಗಿತ್ತು,” ಎಂದೆ. ಅಷ್ಟಕ್ಕೇ ಸುಮ್ಮನಿರಬಾರದೇ? “ಮುಂದಿನ ವಾರ ಯಾವ ಹೋಟ್ಲಿಗೆ ಹೋಗೋಣ್ರಿ?” ಎಂದುಬಿಟ್ಟೆ.

ಅವರು ನಕ್ಕರು. ನನಗೆ ಕಿವಿಯವರೆಗೂ ಬಿಸಿಯಾಯಿತು. ಮುಖ ಮುಚ್ಚಿಕೊಳ್ಳಲು ಸೆರಗಿಗೆ ಕೈ ಹಾಕಿದೆ. ಮುದುರಿಬಿಟ್ಟೀತೆಂದು ಬಿಟ್ಟೆ. ಸೀರೆ ಆಗಲೇ ಆ ವಕೀಲರ ಹೆಂಡತಿಯದಾಗಿತ್ತು.