ಎರಡು ಚೆಂಡು, ಒಂದೇ ವೇಗ

ಗೋಡೆಗೆ ಬಡಿದ ಚೆಂಡು ಹಿಂದಕ್ಕೆ ಬರುತ್ತದೆ ಎಂಬುದನ್ನು ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳಿಗೆ ಇನ್ನೊಬ್ಬರು ಕಲಿಸಬೇಕೇ? ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಪ್ರಯೋಗಗಳನ್ನು ಕಂಪ್ಯೂಟರಿನ ಮೇಲೂ ತೋರಿಸಬೇಕು ಎಂದು ಪ್ರಿನ್ಸಿಪಾಲರು ಹೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಕಲಿಸಲು ಒಪ್ಪಿದವಳು ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅತಿಥಿ ಉಪನ್ಯಾಸಕಿ. ನನಗಿಂತ ಹದಿನೆಂಟು ವರ್ಷ ಚಿಕ್ಕವಳು.

ಮೊದಲ ದಿನ ಮಾತಿಗೊಮ್ಮೆ ಮೇಡಂ ಎಂದಳು. ನಾನು ಗದರಿದೆ. "ಮೇಡಂ ಗೀಡಂ ಬ್ಯಾಡವಾ, ಅಕ್ಕಾ ಅನ್ನು."

ಅವಳು ಕಲಿಸುತ್ತಿದ್ದ ರೀತಿ ಚೆನ್ನಾಗಿತ್ತು. ಮೊದಲು ಚೆಂಡು ಅಂದರೇನು ಎಂಬ ಅಚ್ಚು ಬರೆಯಬೇಕು. ಆಮೇಲೆ ಅದರಿಂದ ಎಷ್ಟು ಚೆಂಡು ಬೇಕೋ ಅಷ್ಟು ಮಾಡಿಕೊಳ್ಳಬಹುದು. ಪ್ರತಿಯೊಂದಕ್ಕೂ ತನ್ನದೇ ಜಾಗ, ತನ್ನದೇ ವೇಗ. ನಾನು ಹಳೆಯ ಚಾಳಿಯಂತೆ ಸೂತ್ರ ಹಾಕಿ ಒಂದೊಂದನ್ನೂ ಎಳೆದಾಡುತ್ತಿದ್ದೆ.

"ಅಕ್ಕಾ, ನೀವು ದಬ್ಬಬ್ಯಾಡ್ರಿ. 'ನಡಿ' ಅಂತ ಹೇಳ್ರಿ ಸಾಕು. ತನ್ನ ವೇಗ ಎಷ್ಟದ ಅಂತ ಅದಕ್ಕೇ ಗೊತ್ತದ."

ಪರದೆಯ ಮೇಲೆ ಮೊದಲ ಚೆಂಡು ಪುಟಿದಾಗ ಚಪ್ಪಾಳೆ ತಟ್ಟಿಬಿಟ್ಟೆ. ಮೂರು ವಾರದಲ್ಲಿ ಎಲ್ಲ ಬಂತು ಅಂದುಕೊಂಡೆ. ಸೊಕ್ಕು ನೋಡಿ!

ಹೊಸ ಲ್ಯಾಬ್ ಶುರುವಾಗುವುದಿತ್ತು. ಪ್ರಿನ್ಸಿಪಾಲರ ಮುಂದೆ ಅವಳ ಪ್ರೋಗ್ರಾಂ ಸರಿಯಾಗಿ ಓಡಿದರೆ ಲ್ಯಾಬಿನ ಜವಾಬ್ದಾರಿ ಅವಳಿಗೆ, ಜೊತೆಗೆ ಪೂರ್ಣಾವಧಿಯ ಕೆಲಸ. ಒಂದು ಡಬ್ಬಿಯೊಳಗೆ ಎರಡು ಚೆಂಡು ಬೇರೆ ಬೇರೆ ಜಾಗದಿಂದ ಒಂದೇ ವೇಗದಲ್ಲಿ ಹೊರಟು, ಬೇರೆ ಬೇರೆ ಹೊತ್ತಿಗೆ ಗೋಡೆ ಮುಟ್ಟಿ ಹಿಂದಿರುಗುವ ಆಟ ಅದು. ಅದನ್ನು ತೋರಿಸಬೇಕಿದ್ದ ದಿನ ಬೆಳಿಗ್ಗೆ ಅವಳ ಬಸ್ಸು ಬರುವ ಮೊದಲೇ ನಾನು ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಎರಡೂ ಚೆಂಡಿನ ವೇಗಕ್ಕೆ ಅವವೇ ಅಂಕಿಗಳನ್ನು ಅವಳು ಬೇರೆ ಬೇರೆ ಬರೆದಿದ್ದಳು. ಒಂದೇ ವೇಗವನ್ನು ಎರಡು ಸಲ ಬರೆಯುವುದೇಕೆ? ಎರಡನೆಯದರ ವೇಗ ಮೊದಲನೆಯದರ ವೇಗಕ್ಕೆ ಸಮ ಎಂದು ಒಂದು ಸಾಲು ಬರೆದೆ. ಕರಿಹಲಗೆಯ ಮೇಲೆ ಸಾವಿರ ಸಲ ಬರೆದ ಸಮ ಚಿಹ್ನೆ ಅದು. ಓಡಿಸಿದೆ. ಎರಡೂ ಜೋಡಿಯಾಗಿ ಹೊರಟವು. ಅಷ್ಟು ನೋಡಿ ಮುಚ್ಚಿದೆ.

ಪ್ರಿನ್ಸಿಪಾಲರ ಮುಂದೆ ಮೊದಲ ಚೆಂಡು ಗೋಡೆಗೆ ಬಡಿದು ತಿರುಗಿತು. ಅದೇ ಕ್ಷಣ, ಡಬ್ಬಿಯ ನಟ್ಟನಡುವೆ ಇದ್ದ ಎರಡನೆಯದೂ ಏನೂ ತಾಗದೆ ತಿರುಗಿತು.

"ಏನ್ರೀ ಇದು, ದೆವ್ವ ಹೊಕ್ಕದೇನ್ರಿ?" ಎಂದರು ಪ್ರಿನ್ಸಿಪಾಲರು. ಎಲ್ಲರೂ ನಕ್ಕರು.

ಅವಳ ಮುಖ ಕೆಂಪಾಯಿತು. "ತಪ್ಪಾಗ್ಯಾದ್ರಿ ಸರ್. ನಾನೇ ಎಲ್ಲೋ ಎಡವೀನಿ."

ನನ್ನ ಸಾಲಿನದೇ ಕಿತಾಪತಿ ಎಂದು ಗೊತ್ತಾಯಿತು, ಯಾಕೆಂದು ಮಾತ್ರ ತಿಳಿಯಲಿಲ್ಲ. ಹೇಳಿದ್ದರೆ ನಾಲ್ಕು ಜನ ನನ್ನನ್ನು ನೋಡಿ ನಗುತ್ತಿದ್ದರು, ಅಷ್ಟೇ. ಆ ನಗುವಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡೆ. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಹೋಗಿ ನನ್ನ ಸಾಲು ಅಳಿಸಿ ಅವಳ ಅಂಕಿಗಳನ್ನು ಮೊದಲಿನಂತೆ ಬರೆದಿಟ್ಟೆ. ಸುಮ್ಮನಿದ್ದುದಕ್ಕಿಂತ ಇದು ದೊಡ್ಡ ಪಾಪ. ಸಂಜೆ ಅವಳು ಓಡಿಸಿದಾಗ ಚೆಂಡುಗಳು ಸರಿಯಾಗಿಯೇ ಪುಟಿದವು. ಅವಳು ತಲೆ ಹಿಡಿದುಕೊಂಡು ಕುಳಿತಳು.

ಲ್ಯಾಬ್ ಬೇರೊಬ್ಬರ ಪಾಲಾಯಿತು. ವರ್ಷದ ಕೊನೆಗೆ ಅವಳು ಬರುವುದು ನಿಂತಿತು.

ಎರಡು ವರ್ಷ ಹೀಗೇ ಕಳೆಯಿತು. ಕಳೆದ ತಿಂಗಳು ತಡೆಯಲಾಗದೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ಮನೆಯಿಂದ ಹೊರಟೆ. ಕೆಂಪು ಬಾಳೆಗೇ ಹೆಸರಾದ ಕಮಲಾಪುರಕ್ಕೆ ಬಾಳೆಹಣ್ಣು ಒಯ್ಯಲಾದೀತೇ? ಸೇಬು ಕೊಂಡೆ. ಅವಳು ಪಡಸಾಲೆಯಲ್ಲಿ ಗಣಿತದ ಟ್ಯೂಷನ್ ಮುಗಿಸಿ ಮಕ್ಕಳನ್ನು ಕಳಿಸುತ್ತಿದ್ದಳು. "ಅಯ್ಯ ನಮ್ಮವ್ವ, ಅಕ್ಕಾ!" ಎಂದು ಕೈ ಹಿಡಿದುಕೊಂಡಳು. ಮೂಲೆಯ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿತ್ತು.

"ಪ್ರೋಗ್ರಾಂ ಕಲಿಸಂಗಿಲ್ಲೇನ?"

"ಧೈರ್ಯ ಸಾಲವಲ್ದರಿ ಅಕ್ಕಾ. ಆವತ್ತಿನ ತಪ್ಪು ಇನ್ನೂ ಸಿಕ್ಕಿಲ್ಲ. ನಂದೇ ತಪ್ಪು ನನಗ ಕಾಣ್ವಲ್ದಂದ್ರ, ಮಕ್ಕಳಿಗಿ ಏನಂತ ಕಲಿಸ್ಲಿ?"

ಕಪಾಟಿನಿಂದ ಹಾಳೆಗಳನ್ನು ತಂದು ತೋರಿಸಿದಳು. ಅದೇ ಪ್ರೋಗ್ರಾಂ, ಕಾಗದದ ಮೇಲೆ. ಒಂದೊಂದು ಸಾಲಿನ ಪಕ್ಕದಲ್ಲೂ ಪೆನ್ಸಿಲಿನ ಗುರುತು, ಮೂರು ಮೂರು, ನಾಲ್ಕು ನಾಲ್ಕು ಸಲ.

ಅವಳ ಪೆನ್ಸಿಲ್ ತೆಗೆದುಕೊಂಡು ಅಂಕಿಗಳನ್ನು ಹೊಡೆದು ಹಾಕಿ ನನ್ನ ಸಾಲು ಬರೆದೆ. "ಆವತ್ತು ಹಿಂಗ ಇತ್ತು. ನಾ ಬರ್ದಿದ್ದೆ. ಮಧ್ಯಾಹ್ನ ನಾನೇ ಅಳಿಸಿದೆ."

ಅವಳು ಓದಿದಳು. ಒಂದು ಗಳಿಗೆ ಮುಖ ಅರಳಿತು. "ಹೌದಲ್ಲ! ಹಿಂಗ ಬರದ್ರ ವೇಗ ನಕಲಾಗಂಗಿಲ್ಲ, ಒಂದೇ ವೇಗಾನ ಎರಡೂ ಹಂಚ್ಕೋತಾವ. ಎರಡು ಸೈಕಲ್ಲಿಗಿ ಒಂದೇ ಹ್ಯಾಂಡಲ್ ಕೂಡ್ಸಿದಂಗ. ಒಂದು ತಿರುಗಿದ್ರ ಇನ್ನೊಂದೂ ತಿರುಗ್ತದ." ನನಗೆ ಆವರೆಗೂ ತಿಳಿಯದಿದ್ದುದನ್ನು ಹಿಂದಿನಷ್ಟೇ ಸಮಾಧಾನದಿಂದ ಕಲಿಸಿದಳು.

ಆಮೇಲೆ ಪೆನ್ಸಿಲ್ ಗುರುತುಗಳನ್ನೇ ನೋಡುತ್ತ ಕುಳಿತಳು. ನಾನು ತಪ್ಪಾಯಿತು ಎಂದೆ, ಅತ್ತುಬಿಟ್ಟೆ, ಪ್ರಿನ್ಸಿಪಾಲರಿಗೂ ಹೇಳುತ್ತೇನೆ ಎಂದೆ. ಅವಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಎದ್ದಳು.

"ಕಲಬುರಗಿ ಬಸ್ಸು ಐದೂವರೆಗದ," ಎಂದಳು. "ಹೊರಡ್ರಿ ಮೇಡಂ."